ನೀರು ಕುಡಿಯುವ ಗಾಡಿ

“ಬುದ್ಧಿ, ಒಬ್ಬ ಮನುಷ್ಯನಲ್ಲಿ ತಾಳ್ಮೆ ಹೆಚ್ಚಿದೆ ಅನ್ನೋದು ಹೇಗೆ ಗೊತ್ತಾಗುತ್ತೆ?” ಎಂದು ಮರುಳಸಿದ್ಧ ಕೇಳಿದ.

ಕೇಳಿದ ಧಾಟಿ ನೋಡಿದರೆ ಉತ್ತರ ಅವನ ಜೇಬಿನಲ್ಲೇ ಇತ್ತು. ಗುರುಗಳ ಬಾಯಿಂದ ಅದು ಬರಲಿ ಎಂಬುದಷ್ಟೇ ಅವನ ಆಸೆ. ಮಠದ ಹಿರಿಯ ಸ್ವಾಮಿಗಳನ್ನು ಊರವರೆಲ್ಲ ಅಜ್ಜಯ್ಯ ಎನ್ನುತ್ತಿದ್ದರು. ಅಜ್ಜಯ್ಯ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

ಮಠದವರು ಪಕ್ಕದ ತಾಲ್ಲೂಕಿನಲ್ಲಿ ಅರವತ್ತು ಮಕ್ಕಳಿಗೆ ಊಟ, ವಸತಿ ಕೊಡುವ ಹೊಸ ಪ್ರಸಾದ ನಿಲಯ ತೆರೆಯುವವರಿದ್ದರು. ಅದನ್ನು ನೋಡಿಕೊಳ್ಳಲು ಒಬ್ಬರನ್ನು ಸೋಮವಾರ ಕಳಿಸಬೇಕಿತ್ತು. ಮರುಳಸಿದ್ಧ ಹನ್ನೆರಡು ವರ್ಷದಿಂದ ಮಠದಲ್ಲಿದ್ದ, ಮಕ್ಕಳಿಗೆ ಪಾಠ ಹೇಳುತ್ತಿದ್ದ. ಆ ಕೆಲಸ ತನಗೆ ಸಿಗಬೇಕೆಂದು ಅವನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಆದರೆ ಮಕ್ಕಳೆಂದರೆ ಅವನಿಗೆ ನಿಜವಾಗಿಯೂ ಪ್ರಾಣ. ಅವನು ಆಸೆಪಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಜ್ಜಯ್ಯ ಕಾಯಿ ಸುಲಿಯುತ್ತಲೇ ಇದ್ದುದರಿಂದ ಅವನೇ ಮುಂದುವರಿಸಿದ.

“ಮೂರು ವರ್ಷ ಆಯ್ತು ಬುದ್ಧಿ. ಅಡುಗೆಮನೆಯ ಕೊಟ್ರಯ್ಯನವರು ಏನಂದ್ರೂ ನಾನು ತಿರುಗಿ ಒಂದು ಮಾತು ಆಡಿಲ್ಲ. ಅವರ ಬಾಯಿ ಎಂಥದ್ದು ಅಂತ ನಿಮಗೂ ಗೊತ್ತು. ಎಲ್ಲಾನೂ ಹೊಟ್ಟೆಗೆ ಹಾಕ್ಕೊಂಡಿದೀನಿ. ಮೊದಲು ಅವರನ್ನ ಹೋಗೋ ಬಾರೋ ಅಂತಿದ್ದೆ. ಈಗ ಬಹುವಚನ ಬಿಟ್ಟು ಮಾತಾಡಲ್ಲ. ತಾಳಿದವನು ಬಾಳಿಯಾನು ಅಂತ ನೀವೇ ಹೇಳಿದ್ರಿ. ನನ್ನ ತಾಳ್ಮೆ ದಿನದಿಂದ ದಿನಕ್ಕೆ ಹೆಚ್ತಾ ಇದೆ ಅಂತ ನನಗೇ ಅನ್ಸುತ್ತೆ.”

ಕೊಟ್ರಯ್ಯನೂ ಅವನೂ ಒಂದೇ ವರ್ಷ ಮಠಕ್ಕೆ ಬಂದವರು. ಒಂದೇ ಚಾಪೆಯಲ್ಲಿ ಮಲಗಿದವರು. ಅಜ್ಜಯ್ಯನವರಿಗೆ ಅದು ಗೊತ್ತಿತ್ತು.

“ದಿನದಿಂದ ದಿನಕ್ಕೆ ಹೆಚ್ತಾ ಐತಾ?” ಎಂದರು ಅಜ್ಜಯ್ಯ.

“ಹೌದು ಬುದ್ಧಿ.”

“ಹಾಕದೇನೇ ಹೆಚ್ತಾ ಐತೆ ಅನ್ನು. ಕೇಳೋಕೆ ಚೆಂದ ಐತಪ್ಪ. ನನಗೊಬ್ಬ ಡ್ರೈವರ್ ನೆನಪಾದ. ಕೂತ್ಕೋ, ಸುಮ್ನೆ ಕೂರಬೇಡ, ಕಾಯಿ ಸುಲಿ.”

ಮರುಳಸಿದ್ಧ ಕುಳಿತು ಕಾಯಿಗೆ ಕೈ ಹಾಕಿದ. ಅಜ್ಜಯ್ಯ ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಚಾಲಕನಿದ್ದ. ಅವನ ಬಳಿ ಏಳು ಸೀಟಿನ ಹಳೆಯ ಡೀಸೆಲ್ ಗಾಡಿ ಇತ್ತು. ಅದೇ ಊರಿನಲ್ಲಿ ಒಬ್ಬ ಮುದುಕಿಯಿದ್ದಳು. ಅವಳ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಅವಳು ಜಿಲ್ಲಾ ಆಸ್ಪತ್ರೆಗೆ ಹೋಗಿ ಮಷಿನ್‌ನಲ್ಲಿ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕಿತ್ತು. ಆಸ್ಪತ್ರೆ ಐವತ್ತು ಕಿಲೋಮೀಟರ್ ದೂರ. ನಡುವೆ ಒಂದು ಘಟ್ಟ. ಒಂದು ಸರದಿ ತಪ್ಪಿದರೆ ಮುದುಕಿಯ ಕಾಲು ಊದುತ್ತಿತ್ತು. ಎರಡು ತಪ್ಪಿದರೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಮೂರನೆಯದು ತಪ್ಪಿದರೆ ಏನಾಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಚಾಲಕ ಒಳ್ಳೆಯವನು. ಆ ಎರಡು ದಿನ ಮದುವೆ ಬಾಡಿಗೆ ಬಂದರೂ ಒಪ್ಪುತ್ತಿರಲಿಲ್ಲ. ಮುದುಕಿಯನ್ನು ಕೈಹಿಡಿದು ಹತ್ತಿಸಿ, ಕೈಹಿಡಿದು ಇಳಿಸಿ, ನಾಲ್ಕು ತಾಸು ಆಸ್ಪತ್ರೆಯ ಬೇವಿನ ಮರದ ಕೆಳಗೆ ಕಾಯುತ್ತಿದ್ದ. ಅವನಿಗೆ ಇದ್ದ ಹೆಮ್ಮೆ ಒಂದೇ, ಅವನ ಗಾಡಿ. “ಹನ್ನೊಂದು ವರ್ಷದಲ್ಲಿ ಒಂದು ದಿನ ದಾರೀಲಿ ಕೈ ಕೊಟ್ಟಿಲ್ಲ” ಎಂದು ಕಂಡವರಿಗೆಲ್ಲ ಹೇಳುತ್ತಿದ್ದ. ಕೇಳಿದವರಿಗೆ ಬೇಸರವಾದರೂ ಅವನಿಗೆ ಹೇಳಲು ಬೇಸರವಾಗುತ್ತಿರಲಿಲ್ಲ.

ಒಂದು ವರ್ಷ ಕಾರ್ತಿಕ ಮಾಸದ ಹೊತ್ತಿಗೆ ಗಾಡಿಯ ರೇಡಿಯೇಟರ್‌ನಲ್ಲಿ ನೀರು ಸ್ವಲ್ಪ ಇಳಿಯತೊಡಗಿತು. ಇಂಜಿನ್‌ನ ಬಿಸಿ ತಗ್ಗಿಸುವ ನೀರು ಅದು. ಚಾಲಕ ಒಂದು ಲೋಟ ಸುರಿದ. ವಾರ ಕಳೆದು ನೋಡಿದ, ಮತ್ತೆ ಅಷ್ಟೇ ಇಳಿದಿತ್ತು. ಮತ್ತೊಂದು ಲೋಟ ಸುರಿದ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಯಾರೋ ಕೇಳಿದ್ದಕ್ಕೆ, “ಹಳೇ ಗಾಡಿ ಅಲ್ವಾ, ಒಂಚೂರು ನೀರು ಕುಡಿಯುತ್ತೆ” ಎಂದ.

ಗಾಡಿ ನೀರು ಕುಡಿಯುತ್ತದೆ ಎಂಬುದು ಎಲ್ಲ ಚಾಲಕರ ಬಾಯಲ್ಲಿರುವ ಮಾತು. ಒಂದು ಗಾಡಿ ನೀರು ಕುಡಿಯುತ್ತದೆ, ಇನ್ನೊಂದು ಆಯಿಲ್ ಕುಡಿಯುತ್ತದೆ, ಕೆಲವು ಡೀಸೆಲ್ ಕುಡಿಯುತ್ತವೆ. ಎತ್ತಿಗೆ ಕಲಗಚ್ಚು ಕುಡಿಸಿದವರ ಮಕ್ಕಳು ಗಾಡಿಗೂ ಬಾಯಿ, ಹೊಟ್ಟೆ ಕೊಟ್ಟರು. ಮಾತಿನಲ್ಲಿ ಪ್ರೀತಿಯಿದೆ. ಆದರೆ ಹಾಗೆ ಒಂದು ಹೆಸರಿಟ್ಟ ಮೇಲೆ ರೋಗವೂ ಮನೆಯ ನೆಂಟನಂತೆ ಆಗುತ್ತದೆ. ಅದು ಯಾಕೆ ಬಂತೆಂದು ಯಾರೂ ಕೇಳುವುದಿಲ್ಲ. ಎಲೆ ಹಾಕಿ ಬಡಿಸುತ್ತಾರೆ.

ಚಾಲಕನೂ ಬಡಿಸಿದ. ವಾರಕ್ಕೆ ಒಂದು ಲೋಟ ಇದ್ದದ್ದು ಪುಷ್ಯದ ಹೊತ್ತಿಗೆ ಆಸ್ಪತ್ರೆಯ ಪ್ರತಿ ಸವಾರಿಗೂ ಒಂದು ಲೋಟವಾಯಿತು. ಅವನೇನು ಪೂರ್ತಿ ಮೈಮರೆತವನಲ್ಲ. ಬೆಳಿಗ್ಗೆ ಎದ್ದು ಗಾಡಿಯ ಕೆಳಗೆ ಬಗ್ಗಿ ನೋಡುತ್ತಿದ್ದ. ನೆಲ ಒಣಗಿರುತ್ತಿತ್ತು. ಒಂದು ಹನಿಯೂ ಸೋರಿಲ್ಲವೆಂದು ಸಮಾಧಾನಪಟ್ಟು ಬಾಟಲಿಯಿಂದ ನೀರು ತುಂಬಿ ಹೊರಡುತ್ತಿದ್ದ. ಹೊರಗೆ ಸೋರದಿದ್ದರೆ ಆಯಿತು ಎಂಬುದು ಅವನ ಲೆಕ್ಕ.

ಇದರ ಜೊತೆಗೆ ಇನ್ನೊಂದು ಸಂಗತಿ ನಡೆಯಿತು. ಇಂಜಿನ್ ಆಯಿಲ್ ಎಷ್ಟಿದೆಯೆಂದು ನೋಡಲು ಒಂದು ಉದ್ದನೆಯ ಕಡ್ಡಿ ಇರುತ್ತದೆ. ಅದರ ತುದಿಯಲ್ಲಿ ಎರಡು ಗೆರೆ. ಆಯಿಲ್ ಎರಡರ ನಡುವೆ ಇರಬೇಕು. ದಿನ ಕಳೆದಂತೆ ತುಸು ಇಳಿಯುವುದು ಸಹಜ. ಚಾಲಕ ಒಂದು ದಿನ ಕಡ್ಡಿ ಎಳೆದು ನೋಡಿದರೆ ಆಯಿಲ್ ಇಳಿದಿರಲಿಲ್ಲ. ಮುಂದಿನ ವಾರ ನೋಡಿದರೆ ಮೇಲಿನ ಗೆರೆ ಮುಟ್ಟಿತ್ತು. ಅದರ ಮುಂದಿನ ವಾರ ಗೆರೆ ದಾಟಿತ್ತು.

ಅವನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಬೇರೆಯವರ ಗಾಡಿಗಳು ಆಯಿಲ್ ಕುಡಿದು ಕುಡಿದು ಯಜಮಾನರನ್ನು ಬಳಲಿಸುತ್ತಿದ್ದವು. ಇವನದರಲ್ಲಿ ಹಾಕದೆಯೇ ಹೆಚ್ಚುತ್ತಿತ್ತು! ಅವನು ಸ್ಟ್ಯಾಂಡಿನಲ್ಲಿ ಕಡ್ಡಿ ಎಳೆದು ಎಲ್ಲರಿಗೂ ತೋರಿಸಿದ. ಕೆಲವರು ನಕ್ಕರು, ಕೆಲವರು ಹೊಟ್ಟೆಕಿಚ್ಚುಪಟ್ಟರು. ಯಾವ ಅಂಗಡಿಯ ಆಯಿಲ್ ಎಂದು ಕೇಳಿ ಒಬ್ಬ ವಿಳಾಸ ಬರೆದುಕೊಂಡ.

ಇಲ್ಲಿ ಮರುಳಸಿದ್ಧ ನಕ್ಕುಬಿಟ್ಟ. “ಅಷ್ಟೂ ದಡ್ಡನಾ ಬುದ್ಧಿ ಅವನು? ನೀರು ಇಳಿಯುತ್ತೆ, ಎಣ್ಣೆ ಏರುತ್ತೆ. ಎರಡನ್ನೂ ದಿನಾ ನೋಡ್ತಾನೆ. ಜೋಡಿಸಿ ನೋಡಬಾರದಾ?”

“ಅದು ಒಂದು ಕಡೆ, ಇದು ಇನ್ನೊಂದು ಕಡೆ ಇರುತ್ತಲ್ಲಪ್ಪ. ಒಂದನ್ನ ನೋಡುವಾಗ ಬೇಜಾರು ಮಾಡ್ಕೊತಿದ್ದ, ಒಂದನ್ನ ನೋಡುವಾಗ ಖುಷಿಪಡ್ತಿದ್ದ. ಎರಡೂ ಒಟ್ಟಿಗೆ ನೆನಪಾಗ್ತಿರಲಿಲ್ಲ” ಎಂದರು ಅಜ್ಜಯ್ಯ. “ನೀನು ಕಾಳಿನ ಜೊತೆ ಸಿಪ್ಪೇನೂ ಬುಟ್ಟಿಗೆ ಹಾಕ್ತಿದೀಯ. ನೋಡ್ಕೊಂಡು ಸುಲಿ.” ಮತ್ತೆ ಕತೆಗೆ ಬಂದರು.

ಒಂದು ಮಂಗಳವಾರ ಘಟ್ಟ ಇಳಿಯುತ್ತಿರುವಾಗ ಚಾಲಕ ಮುದುಕಿಗೂ ತನ್ನ ಆಯಿಲಿನ ಮಹಿಮೆ ಹೇಳಿದ. ಮುದುಕಿ ಹಿಂದಿನ ಸೀಟಿನಲ್ಲಿ ಕಾಲು ನೀಡಿಕೊಂಡು ಕೇಳಿದಳು.

“ಹಾಕ್ದಲೇ ಹೆಂಗಪ್ಪ ಹೆಚ್ಚುತ್ತೆ?”

“ಎಲ್ಲಾ ಕೈಗುಣ ಅಜ್ಜಿ.”

“ನನ್ನ ತೂಕಾನೂ ಹಂಗೇ ಹೆಚ್ಚುತ್ತೆ ಕಣಪ್ಪ” ಎಂದಳು ಮುದುಕಿ. “ಮುದ್ದೆ ಉಂಡು ಹೆಚ್ಚಿದ್ದಲ್ಲ. ಮೊದಮೊದಲು ನಾನೂ ಮೈಕೈ ತುಂಬ್ಕೊಂಡೆ ಅಂತ ಹಿಗ್ಗಿದ್ದೆ. ಮಷಿನ್ನಿಗೆ ಹಾಕೋ ಮುಂಚೆ ತೂಗ್ತಾರಲ್ಲ, ಆ ಡಾಕ್ಟ್ರಮ್ಮ ಹೇಳಿದ್ಲು, ಅಜ್ಜಿ ಇದು ಮೈ ಅಲ್ಲ, ನೀರು, ಕುಡಿದಿದ್ದು ಹೊರಗೆ ಹೋಗ್ತಾ ಇಲ್ಲ ಅಂತ.”

ಚಾಲಕ ನಕ್ಕ. ಆದರೆ ಆ ಮಾತು ಅವನ ತಲೆಯಲ್ಲೇ ಉಳಿಯಿತು. ಆಸ್ಪತ್ರೆ ಬಂದಾಗ ಮುದುಕಿಯನ್ನು ಒಳಗೆ ಬಿಟ್ಟು ಬಂದ. ಬೇವಿನ ಮರದ ಕೆಳಗೆ ಕೂರಲು ಮನಸ್ಸಾಗಲಿಲ್ಲ. ಅಲ್ಲಿಂದ ಎರಡು ಫರ್ಲಾಂಗು ದೂರದಲ್ಲಿ ಒಂದು ಗ್ಯಾರೇಜಿತ್ತು. ಅಲ್ಲಿಗೆ ಹೋದ.

ಗ್ಯಾರೇಜಿನ ಮೇಸ್ತ್ರಿ ಮಾತು ಕಡಿಮೆಯ ಮುದುಕ. ಚಾಲಕ ಹೇಳಿದ: “ಏನಿಲ್ಲ ಮೇಸ್ತ್ರಿ, ಗಾಡಿ ಚೆನ್ನಾಗೈತೆ. ಒಂಚೂರು ನೀರು ಕುಡಿಯುತ್ತೆ, ಅಷ್ಟೆ.”

“ಕುಡಿದು ಏನ್ ಮಾಡುತ್ತೆ?” ಎಂದ ಮೇಸ್ತ್ರಿ.

ಮೂರು ತಿಂಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಚಾಲಕನೂ ಕೇಳಿಕೊಂಡಿರಲಿಲ್ಲ.

ಮೇಸ್ತ್ರಿ ಹೇಳಿದ: “ಕುಡಿದ ನೀರಿಗೆ ಮೂರೇ ದಾರಿ. ಹೊರಗೆ ತೊಟ್ಟಿಕ್ಕಬೇಕು, ಹೊಗೇಲಿ ಹೋಗ್ಬೇಕು, ಇಲ್ಲ ಹೊಟ್ಟೇಲೇ ಇರಬೇಕು.”

ಅವನು ಗಾಡಿಯ ಕೆಳಗೆ ಹಳೆಯ ಪೇಪರ್ ಹಾಸಿದ. ರಬ್ಬರ್ ಪೈಪುಗಳನ್ನು, ಅವು ಕೂಡುವ ಜಾಗಗಳನ್ನು ಬೆರಳಿಂದ ಮುಟ್ಟಿ ನೋಡಿದ. ಸೀಟಿನ ಕೆಳಗಿನ ಮ್ಯಾಟ್ ಎತ್ತಿ ನೋಡಿದ. ಎಲ್ಲ ಒಣಗಿತ್ತು. ಗಾಡಿ ಸ್ಟಾರ್ಟ್ ಮಾಡಿಸಿ ಹಿಂದೆ ಹೋಗಿ ಹೊಗೆ ನೋಡಿದ. ರೇಡಿಯೇಟರ್ ನೀರು ಡೀಸೆಲ್ ಉರಿಯುವ ಕೋಣೆಗೆ ಹೋಗುತ್ತಿದ್ದರೆ ಹೊಗೆ ಬೆಳ್ಳಗೆ ದಟ್ಟವಾಗಿ ಬರಬೇಕು. ಹಾಗೆ ಬರಲಿಲ್ಲ. ಹೀಗೆ ಮೇಸ್ತ್ರಿ ಮೂರರಲ್ಲಿ ಎರಡು ದಾರಿಗಳನ್ನು ಲೆಕ್ಕದಿಂದ ತೆಗೆದ.

ಆಮೇಲೆ ಆಯಿಲ್ ಹಾಕುವ ಬಾಯಿಯ ಮುಚ್ಚಳ ತಿರುಗಿಸಿ ತೆಗೆದ. ಮುಚ್ಚಳದ ಒಳಗೆ ಕೆನೆ ಬಣ್ಣದ ಲೋಳೆ ಮೆತ್ತಿತ್ತು. ಚಾಲಕ ತಟ್ಟನೆ, ಅದು ಚಳಿಗೆ ಕೂತ ಆವಿ, ಸ್ಟ್ಯಾಂಡಿನವರು ಹೇಳಿದ್ದಾರೆ ಎಂದ. ಮೇಸ್ತ್ರಿ ಅದನ್ನು ಸುಳ್ಳೆನ್ನಲಿಲ್ಲ. ಚಳಿಗಾಲದಲ್ಲಿ ಹತ್ತಿರ ಹತ್ತಿರವೇ ಓಡಾಡುವ ಗಾಡಿಗೆ ಹಾಗಾಗುವುದುಂಟು, ಮುಚ್ಚಳ ಒಂದನ್ನೇ ನೋಡಿ ಹೆದರಬಾರದು ಎಂದ. ಆದರೆ ಐವತ್ತು ಕಿಲೋಮೀಟರ್ ಘಟ್ಟ ಹತ್ತಿ ಇಳಿದ ಗಾಡಿಯಲ್ಲಿ ಆವಿ ಉಳಿಯುವುದಿಲ್ಲ ಎಂದೂ ಹೇಳಿದ. ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿ ಚಾಲಕನ ಮುಂದೆ ಹಿಡಿದ.

ಡೀಸೆಲ್ ಗಾಡಿಯ ಆಯಿಲ್ ಕಪ್ಪಗಿರಬೇಕು. ಬಟ್ಟೆಯ ಮೇಲಿದ್ದದ್ದು ಹಾಲು ಹಾಕಿದ ಚಹಾದ ಬಣ್ಣ. ಚಾಲಕ ಅದನ್ನೇ ನೋಡುತ್ತ ನಿಂತ. ಅದೇ ಕಡ್ಡಿಯನ್ನು ಅವನು ಹತ್ತು ಜನರಿಗೆ ತೋರಿಸಿದ್ದ. ಎಷ್ಟು ಏರಿದೆಯೆಂದು ಅವನು ನೋಡಿದ್ದ, ಎಲ್ಲರೂ ನೋಡಿದ್ದರು. ಬಣ್ಣ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೇಸ್ತ್ರಿ ಆಗಲೂ ತೀರ್ಪು ಕೊಡಲಿಲ್ಲ. ಗಾಡಿ ಇವತ್ತು ಇಲ್ಲೇ ಇರಲಿ ಎಂದ. ಚಾಲಕ ಮುದುಕಿಯನ್ನು ಬೇರೆಯವರ ಗಾಡಿಯಲ್ಲಿ ಊರಿಗೆ ಬಿಟ್ಟು, ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸ್ಸು ಬಂದ. ಮೇಸ್ತ್ರಿ ಗಾಡಿಯ ಕೆಳಗೆ ಮಲಗಿ ಆಯಿಲ್ ಚೇಂಬರಿನ ಬಿರಡೆಯನ್ನು ಪೂರ್ತಿ ತೆಗೆಯದೆ ತುಸುವೇ ಸಡಿಲಿಸಿದ. ನಿಂತ ಗಾಡಿಯಲ್ಲಿ ಎಣ್ಣೆ ಮೇಲೆ, ನೀರು ಕೆಳಗೆ. ಮೊದಲು ಬಂದದ್ದು ಮಣ್ಣು ಬಣ್ಣದ ನೀರು. ಒಂದು ಲೋಟದಷ್ಟು ಬಂತು. ಅದರ ಹಿಂದೆ ಎಣ್ಣೆ ಬಂತು.

ಕೊನೆಗೆ ಅವನು ಒಂದು ಕೈಪಂಪು ತಂದ. ಅದಕ್ಕೆ ಒತ್ತಡ ತೋರಿಸುವ ಒಂದು ಮುಳ್ಳು. ಪಂಪನ್ನು ತಣ್ಣಗಿದ್ದ ರೇಡಿಯೇಟರಿನ ಬಾಯಿಗೆ ಬಿಗಿದು ಒತ್ತಡ ಹಾಕಿದ. ಗಾಡಿ ಘಟ್ಟ ಹತ್ತುವಾಗ ಒಳಗೆ ಎಷ್ಟು ಒತ್ತಡ ಇರುತ್ತದೋ ಅಷ್ಟೇ ಹಾಕಿದ. ಇಬ್ಬರೂ ಮುಳ್ಳನ್ನು ನೋಡುತ್ತ ಕುಳಿತರು. ಮುಳ್ಳು ಮೆಲ್ಲಗೆ ಇಳಿಯಿತು. ಕೆಳಗಿನ ಪೇಪರಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

“ಸುಮ್ನೆ ನಿಂತಾಗ ನೀರು ಇಳಿಯಲ್ವಲ್ಲ ಮೇಸ್ತ್ರಿ” ಎಂದ ಚಾಲಕ. ಅವನ ದನಿ ಸಣ್ಣಗಾಗಿತ್ತು.

“ನಿಂತಾಗ ಎಲ್ಲಾ ಗಾಡೀನೂ ಸಾಧೂನೇ” ಎಂದ ಮೇಸ್ತ್ರಿ.

ಆಮೇಲೆ ಅವನು ಬಿಡಿಸಿ ಹೇಳಿದ. ಇಂಜಿನ್ನಿನ ಕಬ್ಬಿಣದೊಳಗೆ ನೀರಿಗೊಂದು ದಾರಿ, ಎಣ್ಣೆಗೊಂದು ದಾರಿ. ಎರಡೂ ಪಕ್ಕಪಕ್ಕದಲ್ಲೇ ಹರಿಯುತ್ತವೆ. ನೀರೂ ಒಳ್ಳೆಯದು, ಎಣ್ಣೆಯೂ ಒಳ್ಳೆಯದು. ನೀರು ಬಿಸಿ ಇಳಿಸುತ್ತದೆ, ಎಣ್ಣೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜದಂತೆ ಕಾಯುತ್ತದೆ. ಎರಡರ ನಡುವೆ ಗ್ಯಾಸ್ಕೆಟ್ ಎಂಬ ತೆಳು ಹಾಳೆ ಇದೆ. ಅದು ಎಲ್ಲೋ ಒಂದು ಕಡೆ ತಿಂದುಹೋಗಿದೆ. ನೀರು ಎಣ್ಣೆಗೆ ಸೇರುತ್ತಿದೆ. ನೋಡಿದವನಿಗೆ ಎಣ್ಣೆ ಹೆಚ್ಚಿದಂತೆ ಕಾಣುತ್ತದೆ. ಆದರೆ ಆ ಎಣ್ಣೆಯಲ್ಲಿ ಕಾಯುವ ಶಕ್ತಿ ಇಲ್ಲ. ಬಿಚ್ಚಬೇಕು, ಎಂಟು ಹತ್ತು ದಿನ ಬೇಕು.

ನಾಡಿದ್ದು ಶುಕ್ರವಾರ. ಚಾಲಕ ಕೈಮುಗಿದು ಕೇಳಿದ: ಹಳೇ ಆಯಿಲ್ ಇಳಿಸಿ ಹೊಸದು ಹಾಕಿಕೊಡಿ, ಶುಕ್ರವಾರ ಒಂದು ಸವಾರಿ ಮುಗಿಸಿ ಶನಿವಾರ ನಾನೇ ತಂದು ಬಿಡುತ್ತೇನೆ. ಮೇಸ್ತ್ರಿ ತಲೆಯಾಡಿಸಿದ. ಹೊಸ ಎಣ್ಣೆಗೂ ಅದೇ ನೀರು ಸೇರುತ್ತದೆ ಎಂದ. ಚಾಲಕನಿಗೆ ಸಿಟ್ಟು ಬಂತು. “ನಿಮಗೇನ್ರೀ, ಬಿಚ್ಚೋದೇ ಕಸುಬು. ಆ ಮುದುಕಿ ಪ್ರಾಣ ನನ್ನ ಗಾಡಿ ಮೇಲೈತೆ” ಎಂದ.

ಮೇಸ್ತ್ರಿ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದ. “ಅದಕ್ಕೇ ಬಿಚ್ಚು ಅಂತಿರೋದು. ತಗೊಂಡು ಹೋಗು ಅಂದ್ರೆ ತಗೊಂಡು ಹೋಗು. ಘಟ್ಟದಲ್ಲಿ ಇಂಜಿನ್ ಹಿಡ್ಕೊಂಡು ನಿಂತ್ರೆ ಅಜ್ಜೀನ ಎತ್ಕೊಂಡು ನಡೀತೀಯಾ?”

ಚಾಲಕ ಬೀಗದ ಕೈಯನ್ನು ಮೇಸ್ತ್ರಿಗೇ ವಾಪಸ್ಸು ಕೊಟ್ಟ. ಗಾಡಿ ಹತ್ತಲಿಲ್ಲ. ಬಸ್ಸಿನಲ್ಲಿ ಊರಿಗೆ ಹೋಗಿ ಮುದುಕಿಗೆ ವಿಷಯ ಹೇಳಿದ. ಹೇಳುವಾಗ ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ಮುದುಕಿ, “ಬಿಚ್ಚಿಸಪ್ಪ. ನನ್ನನ್ನ ವಾರಕ್ಕೆರಡು ಸಲ ಬಿಚ್ಚಲ್ವಾ? ನಾನು ಬಸ್ಸಿಗೆ ಬರ್ತೀನಿ” ಎಂದಳು.

ಆ ಶುಕ್ರವಾರ, ಅದರ ಮುಂದಿನ ಮಂಗಳವಾರ, ಆಮೇಲಿನ ಶುಕ್ರವಾರ ಚಾಲಕ ಮುದುಕಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ. ಸೀಟು ಸಿಕ್ಕ ದಿನ ಅವಳು ಕುಳಿತಳು. ಸಿಗದ ದಿನ ಅವನು ಕುಳಿತವರ ಕಾಲು ಹಿಡಿಯುವಷ್ಟು ಬೇಡಿ ಅವಳಿಗೊಂದು ಜಾಗ ಮಾಡಿಸಿದ. ತನ್ನ ಗಾಡಿ ಕೈ ಕೊಟ್ಟಿಲ್ಲವೆಂಬ ಮಾತು ಆ ಹತ್ತು ದಿನ ಅವನ ಬಾಯಿಂದ ಬರಲಿಲ್ಲ. ಆದರೆ ಒಂದು ಸರದಿಯೂ ತಪ್ಪಲಿಲ್ಲ.

ಇಂಜಿನ್ ಬಿಚ್ಚಿದಾಗ ಮೇಸ್ತ್ರಿ ಅವನನ್ನು ಕರೆದು ತೋರಿಸಿದ. ಗ್ಯಾಸ್ಕೆಟ್ಟಿನಲ್ಲಿ ಎಳ್ಳುಕಾಳಿನಷ್ಟು ಜಾಗ ತಿಂದುಹೋಗಿತ್ತು. ಅಷ್ಟೇ. ಇಂಜಿನ್ನಿನ ಹೊಟ್ಟೆಯೊಳಗಿನ ಬೇರಿಂಗ್‌ಗಳ ಮೇಲೆ ಗೀರು ಬಿದ್ದಿತ್ತು. ಎಣ್ಣೆಯ ಕಾವಲು ತಪ್ಪಿ ಕಬ್ಬಿಣ ಕಬ್ಬಿಣಕ್ಕೆ ತಾಗತೊಡಗಿತ್ತು. ಇನ್ನು ನಾಲ್ಕೈದು ಸಲ ಘಟ್ಟ ಹತ್ತಿದ್ದರೆ ಮುಗಿದಿತ್ತು ಎಂದ ಮೇಸ್ತ್ರಿ. ಚಾಲಕ ಆ ಗೀರಿನ ಮೇಲೆ ಬೆರಳಾಡಿಸಿದ. ಅವನ ಕಣ್ಣಲ್ಲಿ ನೀರು ಬಂತು.

“ನಾನು ದಿನಾ ನೋಡ್ತಿದ್ದೆ ಮೇಸ್ತ್ರಿ” ಎಂದ.

“ನೀನು ನೋಡ್ತಿದ್ದೆ. ನೋಡಿ ಖುಷಿಪಡ್ತಿದ್ದೆ” ಎಂದ ಮೇಸ್ತ್ರಿ. ಅದರಲ್ಲಿ ಬೈಗುಳ ಇರಲಿಲ್ಲ.

ಬೇರಿಂಗ್‌ ಬದಲಾಯಿಸಿ, ಹೊಸ ಗ್ಯಾಸ್ಕೆಟ್ ಕೂರಿಸಿ, ಎರಡು ಸಲ ಆಯಿಲ್ ತುಂಬಿ ತೊಳೆದು ಚೆಲ್ಲಿ, ಮೂರನೆಯ ಸಲ ಹೊಸದು ಹಾಕಿ ಮೇಸ್ತ್ರಿ ಗಾಡಿ ಕೊಟ್ಟ. ಒಂದು ತಿಂಗಳಾದ ಮೇಲೆ ಚಾಲಕ ಕಡ್ಡಿ ಎಳೆದು ನೋಡಿದ. ಆಯಿಲ್ ಕಪ್ಪಗಿತ್ತು. ಒಂದು ಕೂದಲೆಳೆಯಷ್ಟು ಇಳಿದಿತ್ತು. ಇಳಿದದ್ದನ್ನು ಕಂಡು ಅವನಿಗೆ ನೆಮ್ಮದಿಯಾಯಿತು.

ಇಷ್ಟು ಹೇಳಿ ಅಜ್ಜಯ್ಯ ಮಡಿಲಿನ ಸಿಪ್ಪೆ ಕೊಡವಿದರು.

ಮರುಳಸಿದ್ಧನ ಕೈ ಯಾವಾಗಲೋ ನಿಂತಿತ್ತು. ಅವನು ದಡ್ಡನಲ್ಲ, ಕತೆ ತನ್ನ ಕಡೆಗೇ ಬರುತ್ತಿದೆಯೆಂದು ಅವನಿಗೆ ನಡುವೆಯೇ ತಿಳಿದಿತ್ತು. ಸ್ವಲ್ಪ ನೋವೂ ಆಗಿತ್ತು. ಹನ್ನೆರಡು ವರ್ಷ ಸೇವೆ ಮಾಡಿದವನನ್ನು ಸೋರುವ ಗಾಡಿಗೆ ಹೋಲಿಸಬೇಕೇ ಎನಿಸಿತು. ಅದನ್ನೂ ಅವನು ತೋರಗೊಡಲಿಲ್ಲ. ನಗುಮುಖದಿಂದಲೇ ಹೇಳಿದ:

“ಅರ್ಥ ಆಯ್ತು ಬುದ್ಧಿ. ಆದ್ರೆ ನನ್ನೊಳಗೆ ಹಾಗೆ ಏನೂ ನಿಂತಿಲ್ಲ. ಕೊಟ್ರಯ್ಯನವರು ಅಂದಿದ್ದನ್ನೆಲ್ಲ ನಾನು ಅವತ್ತವತ್ತೇ ಮರೆತಿದೀನಿ. ಅವರ ಮೇಲೆ ನನಗೆ ಗೌರವ ಇದೆ.”

“ಬಹಳ ಸಂತೋಷ” ಎಂದರು ಅಜ್ಜಯ್ಯ. “ಮೊದಲನೇ ಸಲ ಅವನು ಏನಂದಿದ್ದ?”

“ಅದು ಈಗ ಯಾಕೆ ಬುದ್ಧಿ?”

“ಸುಮ್ನೆ ಕೇಳ್ದೆ. ನೆನಪಿಲ್ಲದಿದ್ರೆ ಬಿಡು.”

ಮರುಳಸಿದ್ಧ ಹೇಳತೊಡಗಿದ. ಅವರು ಮಕ್ಕಳ ಮುಂದೆ, ಪಾಠ ಹೇಳೋರಿಗೆ ತಟ್ಟೆ ತೊಳೆಯೋಕೆ ಬರಲ್ಲ ಅಂದಿದ್ದರು ಎಂದ. ಅದು ಶ್ರಾವಣದ ಎರಡನೇ ಸೋಮವಾರ, ತಾನು ಮೂರನೇ ಪಂಕ್ತಿಯಲ್ಲಿ ನಿಂತಿದ್ದೆ, ಕೈಯಲ್ಲಿ ಪಲ್ಯದ ಬಕೆಟ್ ಇತ್ತು ಎಂದ. ಅದಾಗಿ ಹದಿನೈದು ದಿನಕ್ಕೆ ತನಗೆ ಜ್ವರ ಬಂದಿತ್ತು, ಗಂಜಿ ಕೇಳಿದರೆ, ಜ್ವರ ಬರೋಕೂ ಪುರಸೊತ್ತು ಇರಬೇಕಪ್ಪ ಅಂದರು, ಗಂಜಿ ತಣ್ಣಗಿತ್ತು, ಉಪ್ಪೂ ಇರಲಿಲ್ಲ ಎಂದ. ದೀಪಾವಳಿಯದು ಒಂದು, ಯುಗಾದಿಯದು ಒಂದು ಹೇಳಿದ. ಒಂದೊಂದಕ್ಕೂ ವಾರ ಹೇಳಿದ, ಹೊತ್ತು ಹೇಳಿದ, ಸುತ್ತ ಯಾರಿದ್ದರೆಂದು ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಏರಿತು. ಬಹುವಚನ ಯಾವಾಗ ಬಿದ್ದುಹೋಯಿತೋ ಅವನಿಗೇ ತಿಳಿಯಲಿಲ್ಲ.

“ಹೋದ ವರ್ಷ ನಮ್ಮವ್ವ ಬಂದಿದ್ಲು ಬುದ್ಧಿ. ಮೂರು ತಾಸು ಬಸ್ಸಲ್ಲಿ ನಿಂತ್ಕೊಂಡು ಬಂದಿದ್ಲು. ಪಂಕ್ತಿ ಮುಗೀತು, ಸಂಜೆಗೆ ಬನ್ನಿ ಅಂದ. ಅಡುಗೆಮನೆ ಬಾಗಿಲಲ್ಲೇ ನಿಂತು ಅಂದ. ಹಂಡೇಲಿ ಅನ್ನ ಇತ್ತು ಬುದ್ಧಿ, ನಾನು ಕಣ್ಣಾರೆ ನೋಡಿದ್ದೆ. ಅವ್ವ ಏನೂ ಅನ್ನಲಿಲ್ಲ. ಕಟ್ಟೆ ಮೇಲೆ ಕೂತು ನೀರು ಕುಡಿದು ಹೋದ್ಲು. ಅವ್ವ ಬುದ್ಧಿ! ಹಸ್ಕೊಂಡು ಹೋದ್ಲು!”

ಜಗಲಿಯ ಆಚೆ ಮಕ್ಕಳು ಆಟ ನಿಲ್ಲಿಸಿ ಇತ್ತ ನೋಡಿದರು. ಮೇಷ್ಟರು ಕೂಗಿದ್ದನ್ನು ಅವರು ಎಂದೂ ಕೇಳಿರಲಿಲ್ಲ. ಮರುಳಸಿದ್ಧನಿಗೆ ತನ್ನ ದನಿಯೇ ಕೇಳಿಸಿತು.

ಅಜ್ಜಯ್ಯ ಮೆಲ್ಲಗೆ ಕೇಳಿದರು: “ಬಂದಾಕೆ ನಿಮ್ಮವ್ವ ಅಂತ ಅವನಿಗೆ ಗೊತ್ತಿತ್ತಾ?”

ಮರುಳಸಿದ್ಧ ಬಾಯಿ ತೆರೆದ. ಆ ದಿನದ ಒಂದೊಂದು ವಿವರವೂ ಅವನಿಗೆ ನೆನಪಿತ್ತು. ಇದೊಂದು ತಿಳಿದಿರಲಿಲ್ಲ.

“ಗೊತ್ತಿಲ್ಲ ಬುದ್ಧಿ” ಎಂದ. “ನಾನು ಕೇಳಲಿಲ್ಲ.”

ಅಜ್ಜಯ್ಯ ಅವರೆಕಾಳಿನ ಬುಟ್ಟಿಯನ್ನು ಎತ್ತಿಕೊಂಡು ಎದ್ದರು.

“ಹಂಗಾದ್ರೆ ಹೋಗು ತಮ್ಮಾ, ಕೊಟ್ರಯ್ಯನ ಹತ್ರ ಬಾಯ್ತುಂಬ ಒಂದು ಜಗಳ ಆಡಿ ಬಾ, ಜಗಳ ಮುಗಿದ ಮೇಲೆ ಎಷ್ಟು ಉಳಿಯುತ್ತೋ, ನಿನ್ನ ತಾಳ್ಮೆ ಅಷ್ಟೇ.”